ಬೇವು ಹಚ್ಚಿದ ಮೇಲೆ

ನಿನ್ನೆ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಪಾದ್ರಿ ಅಯ್ಯನವರು ಕರೆದು, ಸಾಕ್ಷಿ ಹೇಳಮ್ಮ, ದೇವರು ನಿನಗೆ ಮಾಡಿದ್ದನ್ನು ಎಲ್ಲರಿಗೂ ತಿಳಿಸು ಅಂದರು. ಎದ್ದು ನಿಂತೆ. ಗಂಟಲು ಕಟ್ಟಿತು, ಕೂತುಬಿಟ್ಟೆ. ಅದಕ್ಕೇ ಈ ಬರಹ.

ನನಗೆ ಆಗಿದ್ದು ಮೊಲೆಯ ಕ್ಯಾನ್ಸರ್. ಒಂದು ಆಪರೇಶನ್, 21 ದಿನಕ್ಕೊಂದರಂತೆ 6 ಕಿಮೋ, ಆಮೇಲೆ ರೇಡಿಯೇಶನ್. ಹೋದ ವಾರದ ರಿಪೋರ್ಟ್ ಚೆನ್ನಾಗಿ ಬಂದಿದೆ. ತಪಾಸಣೆ ಇನ್ನೂ ವರ್ಷಗಟ್ಟಲೆ ಇದೆ, ಇರಲಿ.

ಗದಗಿನಿಂದ ಹುಬ್ಬಳ್ಳಿಗೆ ರೈಲು, ಅಲ್ಲಿಂದ ಚಿಗರಿ ಬಸ್ಸಿನಲ್ಲಿ ನವನಗರದ ಆಸ್ಪತ್ರೆ. ಪ್ರತಿ ಸಲವೂ ಜೊತೆಗೆ ಬಂದವರು ಎಪ್ಪತ್ತು ದಾಟಿದ ನಮ್ಮ ಅತ್ತೆ. ಕಿಮೋ ಆದ ವಾರವೆಲ್ಲ ಎದುರುಮನೆಯ ಅಕ್ಕ ಮೆತ್ತಗೆ ನುಚ್ಚು ಮಾಡಿ ಕಳಿಸಿದಳು. ಸೋಮವಾರ ತಾನು ಉಪವಾಸವಿದ್ದರೂ ನನಗೆ ತಪ್ಪಿಸಲಿಲ್ಲ. ನರ ಸಿಗದೆ ಒದ್ದಾಡುವಾಗ ಕೈ ಸವರುತ್ತ ಕೂತ ನರ್ಸುಗಳು, ಸ್ತ್ರೀಯರ ಕೂಟದವರು, ಶಾಲೆಯಲ್ಲಿ ನನ್ನ ತರಗತಿ ನೋಡಿಕೊಂಡವರು: ಎಲ್ಲರಿಗೂ ಕೈ ಮುಗಿಯುತ್ತೇನೆ.

ಆದರೆ ಹೇಳಲೇಬೇಕಾದ್ದು ಬೇರೆ. ಗದಗಿನ ಪಕ್ಕದ ಬೆಟಗೇರಿಗೆ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆ ಬಂದದ್ದು 1841ರಲ್ಲಿ. ಅಂಥ ಹಳೆಯ ಸಭೆಯಲ್ಲಿ ಬೆಳೆದ ನನಗೆ ಪ್ರಾರ್ಥನೆ ಬರುವುದಿಲ್ಲ ಅಂತ ಗೊತ್ತಾದದ್ದು ಹೋದ ವರ್ಷ. ಒಂದು ನೋಟ್‌ಬುಕ್ ಇಟ್ಟಿದ್ದೆ. ಹಿಮೋಗ್ಲೋಬಿನ್ ಎಷ್ಟು, ಬಿಳಿ ರಕ್ತಕಣ ಎಷ್ಟು, ಎಲ್ಲ ಬರೆಯುವುದು. ಅಂಕಿ ಏರಿದರೆ ಸ್ತೋತ್ರ, ಇಳಿದರೆ ದೇವರ ಮೇಲೆ ಸಿಟ್ಟು. ಮೂರನೇ ಕಿಮೋಗೆ ಹೋದಾಗ ರಕ್ತಕಣ ಬಿದ್ದಿದ್ದವು, ಮುಂದಿನ ವಾರ ಬನ್ನಿ ಅಂದರು. ವಾಪಸ್ ರೈಲಿನಲ್ಲಿ ಮಾತಿಲ್ಲ. ಅಣ್ಣಿಗೇರಿ ಹತ್ತಿರ ಅತ್ತೆ ಬೈಬಲ್ ಮುಂದೆ ಹಿಡಿದರು. "ಇದನ್ನ ಓದು, ಸಣ್ಣದೈತಿ."

131ನೇ ಕೀರ್ತನೆ, ಮೂರೇ ವಚನ. ಯೆರೂಸಲೇಮಿಗೆ ಹೋಗುವ ಯಾತ್ರಿಕರು ಹಾಡುತ್ತಿದ್ದ ಗೀತೆಗಳಲ್ಲಿ ಒಂದು. ಮೊಲೆ ಬಿಟ್ಟ ಕೂಸು ತಾಯಿಯ ಹತ್ತಿರ ಇರುವಂತೆ ನನ್ನ ಪ್ರಾಣ ಸುಮ್ಮನಿದೆ ಅನ್ನುತ್ತದೆ. ಮೊಲೆ ಕಳಕೊಂಡವಳಿಗೆ ಇದೇ ಸಿಗಬೇಕಾ ಅಂತ ನಗು ಬಂತು. ಅತ್ತೆ ನಗಲಿಲ್ಲ.

"ನಿನ್ನ ಗಂಡಗ ಹಾಲು ಬಿಡಸಾಕ ಬೇವಿನ ಸೊಪ್ಪು ಅರದು ಹಚ್ಚಿದ್ದೆ. ಮೂರು ದಿನ ನನ್ನ ಹೊಡದಾ, ಕಚ್ಚಿದಾ. ನಾಕನೇ ದಿನ ತಾನಾಗೇ ಬಂದು ತೊಡಿ ಮ್ಯಾಲ ಕುಂತ. ಹಾಲಿಗೆ ಅಲ್ಲಾ. ಸುಮ್ಮನ ಬಂದಿದ್ದ."

ಹಾಲು ಕುಡಿಯುವ ಕೂಸಲ್ಲ, ಹಾಲು ಬಿಟ್ಟದ್ದು. ಚಿಕ್ಕಂದಿನಿಂದ ಕೇಳಿದ ಕೀರ್ತನೆಯಲ್ಲಿ ಈ ವ್ಯತ್ಯಾಸ ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ನಾನು ಹಾಲಿಗಾಗಿಯೇ ಹೋಗುತ್ತಿದ್ದೆ.

ಅವತ್ತಿನಿಂದ ಧೈರ್ಯವಂತೆ ಆದೆ ಅಂತ ಸುಳ್ಳು ಹೇಳಲಾರೆ. ನಾಲ್ಕನೇ ಸಲವೂ ಮೊದಲು ನೋಡಿದ್ದು ಅಂಕಿಯನ್ನೇ. ನಂಬಿಕೆ ಗಟ್ಟಿಯಿದ್ದರೆ ಔಷಧ ಯಾಕೆ ಅಂತ ಮನೆಗೆ ಬಂದು ಹೇಳಿ ಹೋದವರಿದ್ದಾರೆ. ಅವರಿಗೆ ಚಹಾ ಕೊಟ್ಟೆ, ಉತ್ತರ ಕೊಡಲಿಲ್ಲ. ಮಾರ್ಕನ ಸುವಾರ್ತೆಯಲ್ಲಿ ಒಬ್ಬ ತಂದೆ ಯೇಸುವಿನ ಮುಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೂ ಸಹಾಯ ಮಾಡು ಅಂತ ಕೂಗುತ್ತಾನೆ. ಅಷ್ಟು ಅರೆಬರೆ ನಂಬಿಕೆಯವನನ್ನೂ ಯೇಸು ಹೊರಗೆ ಕಳಿಸಲಿಲ್ಲ, ಮಗನನ್ನು ವಾಸಿಮಾಡಿದ. ಕೊನೆಯ ಮೂರು ಕಿಮೋಗಳಲ್ಲಿ ನನ್ನ ಬಾಯಲ್ಲಿ ಇದ್ದದ್ದು ಅವನ ಪ್ರಾರ್ಥನೆ. ಒಮ್ಮೊಮ್ಮೆ ಅದೂ ಇಲ್ಲ, ಅತ್ತೆಯ ಹೆಗಲ ಮೇಲೆ ತಲೆಯಿಟ್ಟು ಕಿಟಕಿಯಾಚೆಯ ಎರೆಹೊಲ ನೋಡುತ್ತಿದ್ದೆ, ಅಷ್ಟೆ.

ನೋಟ್‌ಬುಕ್ ಇನ್ನೂ ಇದೆ. ಉಳಿದ ಹಾಳೆಗಳಲ್ಲಿ ಈಗ ಅತ್ತೆ ಹಾಲಿನವನ ಲೆಕ್ಕ ಬರೆಸುತ್ತಾರೆ.