ಒಂದೇ ಕೋಲು, ಎರಡು ನೀರು

ಅಕ್ಟೋಬರ್ ಬಂತೆಂದರೆ ಅಮೆರಿಕದ ನಮ್ಮ ಸಂಘದ ಗಾಳಗಾರರಲ್ಲಿ ಎರಡು ಪಂಗಡ. ಇಲ್ಲೇ ಉಳಿದು, ಕೆರೆ ಹೆಪ್ಪುಗಟ್ಟುವ ಮೊದಲು ಬ್ಲೂಗಿಲ್, ಕ್ರಾಪಿ, ಪರ್ಚ್ ಎಂಬ ಸಿಹಿನೀರಿನ ಮೀನು ಹಿಡಿಯುವವರು ಒಂದು ಕಡೆ. ದೀಪಾವಳಿಗೆಂದು ಕಲಬುರಗಿ, ಬೀದರ್, ಯಾದಗಿರಿಗೆ ಹೊರಟು ನಿಂತವರು ಇನ್ನೊಂದು ಕಡೆ. ಈ ಎರಡನೆಯವರ ಪ್ರಶ್ನೆ ಒಂದೇ: ಇಲ್ಲಿಯ ಹಗುರ ಕೋಲು ಅಲ್ಲಿ ಉಪಯೋಗಕ್ಕೆ ಬರುತ್ತದೆಯೇ? ಬರುತ್ತದೆ. ಕೋಲು, ರೀಲ್, ಗಾಳ ಇವೇ ಸಾಕು. ಎರೆ, ಆಳ ಮತ್ತು ನೀರಿಗಿಳಿಯುವ ಹೊತ್ತು ಮಾತ್ರ ಬದಲಾಗಬೇಕು.

ಸಾಮಾನಿನ ವಿಷಯ ಬೇಗ ಮುಗಿಸೋಣ. ಐದೂವರೆಯಿಂದ ಆರು ಅಡಿಯ ಅಲ್ಟ್ರಾಲೈಟ್ ಕೋಲು, 1000 ನಂಬರಿನ ಸ್ಪಿನ್ನಿಂಗ್ ರೀಲ್, 4 ಪೌಂಡಿನ ಎಳೆತ ತಾಳುವ ತಂಗೂಸಿ. ಗಾಳ 8 ಅಥವಾ 10ನೇ ನಂಬರಿನದು. ನಂಬರು ಏರಿದಷ್ಟೂ ಗಾಳ ಚಿಕ್ಕದು ಎಂಬುದು ನೆನಪಿರಲಿ. ಕಾಂಡ, ಅಂದರೆ ಗಾಳದ ನೇರ ಭಾಗ, ಉದ್ದವಿರುವುದನ್ನೇ ಕೊಳ್ಳಿ. ಬ್ಲೂಗಿಲ್ಲಿನ ಬಾಯಿ ಸಣ್ಣದು, ನುಂಗುವ ಅವಸರ ದೊಡ್ಡದು. ಕಾಂಡ ಗಿಡ್ಡವಿದ್ದರೆ ಗಂಟಲಿನಿಂದ ಬಿಡಿಸುವಷ್ಟರಲ್ಲಿ ಮೀನು ಸತ್ತಿರುತ್ತದೆ. ಗಾಳಕ್ಕೆ ದಾರ ಕಟ್ಟುವ ಕ್ಲಿಂಚ್ ಗಂಟಿಗೆ ಐದಾರು ಸುತ್ತು ಸಾಕು, ಆದರೆ ಬಿಗಿಯುವ ಮೊದಲು ಎಂಜಲಿನಿಂದ ಒದ್ದೆ ಮಾಡಿ. ಒಣ ತಂಗೂಸಿ ತಿಕ್ಕಾಟಕ್ಕೆ ಕಾದು ಅಲ್ಲೇ ಸೋಲುತ್ತದೆ. ದಾರ ಗಂಟಿನ ಹತ್ತಿರ ಸುರುಳಿ ಸುರುಳಿಯಾಗಿ ತುಂಡಾಗಿ ಬಂದರೆ ತಪ್ಪು ದಾರದ್ದಲ್ಲ, ಗಂಟಿನದು.

ಬೆಂಡಿನ ವಿಷಯದಲ್ಲಿ ಅವಸರ ಬೇಡ. ಮೀನು ಸಿಗದೆ ಬರಿಗೈಲಿ ಬರುವವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ. ಅಂಗಡಿಯ ಕೆಂಪು ಬಿಳುಪಿನ ಗುಂಡು ಬೆಂಡು ನೋಡಲು ಚೆಂದ, ಕೆಲಸಕ್ಕೆ ಕೆಟ್ಟದ್ದು. ಈ ಜಾತಿಯ ಮೀನು ಎರೆಯನ್ನು ಕಚ್ಚುವುದಿಲ್ಲ, ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಗುಂಡು ಬೆಂಡು ಮುಳುಗಲು ಒಪ್ಪದೆ ತಡೆಯೊಡ್ಡುತ್ತದೆ. ಮೀನು ಆ ಕ್ಷಣವೇ ಉಗಿಯುತ್ತದೆ. ಮೇಲೆ ನಿಂತವರಿಗೆ ಕಾಣುವುದು ಬೆಂಡಿನ ಒಂದೆರಡು ಕುಣಿತ, ಆಮೇಲೆ ಬರಿ ಗಾಳ. ತೆಳ್ಳನೆಯ, ಪೆನ್ಸಿಲಿನಂಥ ಬೆಂಡು ತಂದು ಮನೆಯಲ್ಲೇ ಬಕೆಟ್ ನೀರಿನಲ್ಲಿ ತೂಗಿ. ತುದಿ ಒಂದು ಸೆಂಟಿಮೀಟರ್ ಮಾತ್ರ ಕಾಣುವವರೆಗೆ ದಾರಕ್ಕೆ ಲೋಹದ ಸಣ್ಣ ಗುಂಡು ಸೇರಿಸುತ್ತ ಹೋಗಿ. ಭಾರದ ಗುಂಡುಗಳು ಮೇಲೆ ಇರಲಿ, ಎಲ್ಲಕ್ಕಿಂತ ಚಿಕ್ಕದೊಂದು ಗಾಳದಿಂದ 20 ಸೆಂಟಿಮೀಟರ್ ಮೇಲೆ ಇರಲಿ. ಆಗ ಎರೆ ನಿಧಾನ ಇಳಿಯುತ್ತದೆ, ಎಷ್ಟೋ ಸಲ ಇಳಿಯುವಾಗಲೇ ಮೀನು ಹಿಡಿಯುತ್ತದೆ. ಬೆಂಡು ಮುಳುಗುವ ಬದಲು ಮೇಲೆದ್ದು ಅಡ್ಡ ಮಲಗಿತೆಂದರೆ ಮೀನು ಆ ಕೊನೆಯ ಗುಂಡನ್ನು ಎತ್ತಿದೆ ಎಂದರ್ಥ. ಆಗಲೂ ಎಳೆಯಬೇಕು, ಮಣಿಕಟ್ಟಿನಿಂದ ಮಾತ್ರ. ತೋಳು ಬೀಸಿದರೆ ಕ್ರಾಪಿಯ ತೆಳು ತುಟಿ ಹರಿಯುತ್ತದೆ. ಗುಂಡು ಸೀಸದ್ದು ಬೇಡ, ತವರದ್ದಿರಲಿ: ಸೀಸ ನುಂಗಿದ ಲೂನ್ ಹಕ್ಕಿಗಳು ಸಾಯುತ್ತವೆಂದು ನ್ಯೂ ಹ್ಯಾಂಪ್‌ಶೈರ್, ಮೇನ್‌ನಂಥ ರಾಜ್ಯಗಳಲ್ಲಿ ಸಣ್ಣ ಸೀಸದ ಗುಂಡುಗಳಿಗೆ ನಿರ್ಬಂಧವಿದೆ.

ಇಲ್ಲಿಯ ಉತ್ತರದ ಕೆರೆಗಳಲ್ಲಿ ಶರತ್ಕಾಲ ಎಂದರೆ ನೀರು ತಣಿಯುವ ಲೆಕ್ಕ. ಬೇಸಿಗೆಯಲ್ಲಿ ದಂಡೆಯ ಹತ್ತಿರವಿದ್ದ ಬ್ಲೂಗಿಲ್ ಈಗ ಜೊಂಡಿನ ಹೊರ ಅಂಚಿಗೆ, 3ರಿಂದ 5 ಮೀಟರ್ ಆಳಕ್ಕೆ ಸರಿಯುತ್ತದೆ. ಇನ್ನೂ ಹಸಿರಿರುವ ಜೊಂಡನ್ನೇ ಹುಡುಕಿ. ಕೊಳೆಯುತ್ತಿರುವ ಜೊಂಡು ಆಮ್ಲಜನಕ ತಿನ್ನುತ್ತದೆ, ಅಲ್ಲಿ ಮೀನು ನಿಲ್ಲದು. ಇಷ್ಟು ಆಳಕ್ಕೆ ಕಟ್ಟಿದ ಬೆಂಡು ನಡೆಯುವುದಿಲ್ಲ. ಆರಡಿ ಕೋಲಿನಲ್ಲಿ ನಾಲ್ಕು ಮೀಟರ್ ದಾರ ಜೋತುಬಿಟ್ಟು ಬೀಸುವುದಾದರೂ ಹೇಗೆ? ದಾರದ ಮೇಲೆ ಜಾರುವ ಬೆಂಡು, ಬೇಕಾದ ಆಳದಲ್ಲಿ ಅದನ್ನು ತಡೆಯುವ ಒಂದು ನೂಲಿನ ಗಂಟು: ಇಷ್ಟೇ ಉಪಾಯ. ಜಿಗ್ (ತಲೆಯಲ್ಲಿ ಲೋಹದ ಭಾರವಿರುವ ಗಾಳ) ಆದರೆ 1/32 ಔನ್ಸ್, ಅಂದರೆ ಒಂದು ಗ್ರಾಮಿಗೂ ತುಸು ಕಡಿಮೆ, ಗಾಳಿಯಿದ್ದರೆ 1/16. ಮೇಲಿನ ನೀರು ತಣಿದು ಭಾರವಾಗಿ ಕೆಳಗಿನ ನೀರಿನೊಡನೆ ಬೆರೆಯುವ ಒಂದೆರಡು ವಾರ ಮೀನು ಎಲ್ಲೆಂದರಲ್ಲಿ ಚದುರಿಹೋಗಿರುತ್ತದೆ. ಆಗ ದೊಡ್ಡ ಕೆರೆಯ ಹಟ ಬಿಟ್ಟು ಸಣ್ಣ ಹೊಂಡಕ್ಕೋ ಹೊಳೆಗೋ ಹೋಗುವುದು ಲೇಸು. ಆಳವಿಲ್ಲದ ನೀರು ಮೊದಲಿನಿಂದಲೂ ಬೆರೆತೇ ಇರುತ್ತದೆ. ಬೆಳಗಿನ ಜಾವ ಏಳುವ ಹುರುಪೂ ಬೇಡ. ಬಿಸಿಲು ಬಿದ್ದು ನೀರು ತುಸು ಬೆಚ್ಚಗಾಗುವ ಮಧ್ಯಾಹ್ನವೇ ಈ ಕಾಲದ ಒಳ್ಳೆಯ ಹೊತ್ತು.

ಇನ್ನು ಊರು. ಭಾಲ್ಕಿಯ ಕಾರಂಜಾ, ಆಳಂದದ ಅಮರ್ಜಾ, ಯಾದಗಿರಿಯ ಹತ್ತಿಕುಣಿ ಈ ಹಿನ್ನೀರುಗಳಲ್ಲಿ ಬ್ಲೂಗಿಲ್ಲಿನ ಜಾಗದಲ್ಲಿ ಹುಡುಕಬೇಕಾದದ್ದು ಜಿಲೇಬಿ ಮೀನನ್ನು, ಅಂದರೆ ಟಿಲಾಪಿಯಾವನ್ನು. ಎರಡಕ್ಕೂ ನೆಂಟಸ್ತನವಿಲ್ಲ, ಆದರೆ ಅಗಲ ಮೈ, ಸಣ್ಣ ಬಾಯಿ, ಬೆನ್ನಿನ ಮುಳ್ಳು ಒಂದೇ ತೆರ. ಹಾಗಾಗಿ ಗಾಳದ ಅಳತೆಯೂ ಒಂದೇ. ನವೆಂಬರಿನಲ್ಲೂ ಅಲ್ಲಿಯ ನೀರು ಇಲ್ಲಿಯಂತೆ ತಣಿಯುವುದಿಲ್ಲ, ಆಳ ಹುಡುಕುವ ಕೆಲಸವಿಲ್ಲ. ದಂಡೆಯಿಂದ ನಾಲ್ಕೈದು ಮಾರು ದೂರ, ಒಂದರಿಂದ ಎರಡು ಮೀಟರ್ ನೀರು ಸಾಕು. ತೊಡಕು ಬೇರೆಯೇ. ಮಳೆಗಾಲದಲ್ಲಿ ಎರೆಭೂಮಿಯಿಂದ ಕೊಚ್ಚಿಬಂದ ನುಣ್ಣನೆಯ ಮಣ್ಣು ವಾರಗಟ್ಟಲೆ ತಳ ಸೇರುವುದಿಲ್ಲ. ಮೊಣಕೈವರೆಗೆ ಕೈ ಅದ್ದಿ ನೋಡಿ: ಬೆರಳು ಕಂಡರೆ ಜಿಗ್ ನಡೆಯುತ್ತದೆ, ಕಾಣದಿದ್ದರೆ ಅದು ರಾಡಿ ನೀರು, ವಾಸನೆಯ ಎರೆಯೇ ಬೇಕು.

ಕಣಕ ಮಾಡುವಾಗ ಊರಿನ ಅಭಿಮಾನಕ್ಕೆ ಬರೀ ಜೋಳದ ಹಿಟ್ಟು ಹಿಡಿಯಬೇಡಿ. ಅದರಲ್ಲಿ ಗೋಧಿಯ ಜಿಗುಟಿಲ್ಲ, ನೀರು ಮುಟ್ಟಿದೊಡನೆ ಗಾಳದಿಂದ ಕಳಚುತ್ತದೆ. ಎರಡು ಪಾಲು ಗೋಧಿ ಹಿಟ್ಟು, ಒಂದು ಪಾಲು ಜೋಳದ ಹಿಟ್ಟು, ವಾಸನೆಗೆ ಒಂದು ಚಮಚ ಶೇಂಗಾ ಹಿಂಡಿಯ ಪುಡಿ; ಚಪಾತಿಗಿಂತ ಗಟ್ಟಿಯಾಗಿ ನಾದಿ, 20 ನಿಮಿಷ ಒದ್ದೆ ಬಟ್ಟೆ ಮುಚ್ಚಿಡಿ. ಬಟಾಣಿಯಷ್ಟು ಉಂಡೆ, ಗಾಳದ ಮೊನೆ ಮಾತ್ರ ಹೊರಗೆ. ಎರೆಹುಳವಾದರೆ ಎರಡು ಸೆಂಟಿಮೀಟರ್ ತುಂಡು. ಇಡೀ ಹುಳ ಪೋಣಿಸಿದರೆ ಜೋತ ಬಾಲವನ್ನು ಪುಡಿಮೀನುಗಳು ಕಿತ್ತು ತಿಂದು ಹೋಗುತ್ತವೆ. ಆ ಕಾಟ ಹೆಚ್ಚಾದರೆ 14ನೇ ನಂಬರಿನ ಗಾಳ ಹಾಕಿ ಅವನ್ನೇ ಹಿಡಿಯಿರಿ, ಇಲ್ಲವೇ ಜಾಗ ಬಿಡಿ. ನೀರಿಗಿಳಿದ ಜಾಲಿ ಕಂಟಿಯ ಪಕ್ಕ ಮೀನು ಹೆಚ್ಚು, ಸಿಕ್ಕು ಇನ್ನೂ ಹೆಚ್ಚು. ಅಲ್ಲಿಗೆ 6 ಪೌಂಡಿನ ದಾರ.

ರೀಲಿನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಎಷ್ಟು ಬಿಗಿಗೆ ಜಾರಬೇಕು ಎಂಬ ಹೊಂದಾಣಿಕೆ, ಊರಿನಲ್ಲಿ ಇನ್ನೂ ಮುಖ್ಯ. ಜಿಲೇಬಿಗೆ ಕಾದಾಗ ರೋಹುವೋ ಕಾಟ್ಲಾವೋ ಬಂದು ಹಿಡಿಯಬಹುದು. ಅರ್ಧ ಲೀಟರಿನ ತುಂಬಿದ ನೀರಿನ ಬಾಟಲಿಯನ್ನು ದಾರದ ತುದಿಗೆ ಕಟ್ಟಿ ಎತ್ತಿ. ಬಾಟಲಿ ನಿಧಾನ ಇಳಿಯುವಷ್ಟು ಸಡಿಲವಿರಲಿ. ಅದು ನಾಲ್ಕು ಪೌಂಡಿನ ಕಾಲು ಭಾಗಕ್ಕೆ ಹತ್ತಿರ. ಮೀನು ದಾರ ಎಳೆಯುವಾಗ ರೀಲ್ ಸುತ್ತಬೇಡಿ, ದಾರ ತಿರುಚಿಕೊಂಡು ಮರುದಿನ ಗೋಜಲಾಗುತ್ತದೆ. ಮೀನನ್ನು ಹಿಡಿಯುವಾಗ ಕೈ ಒದ್ದೆ ಮಾಡಿ, ತಲೆಯಿಂದ ಬಾಲದ ಕಡೆಗೆ ಸವರಿ ಬೆನ್ನಿನ ಮುಳ್ಳು ಮಲಗಿಸಿ. ಮೀಸೆಯಿರುವ ಮೀನು ಬಂದರೆ ಬರಿಗೈ ಹಾಕಲೇಬೇಡಿ. ಅದರ ಪಕ್ಕದ ಮುಳ್ಳು ಚುಚ್ಚಿದರೆ ಸಂಜೆಯ ಪಟಾಕಿ ಮರೆತುಬಿಡಬೇಕು.

ಎಚ್ಚರ ತಪ್ಪಬಾರದ ಜಾಗಗಳಿವೆ. ಶಹಾಬಾದ್ ಕಡೆಯ ನೀರು ತುಂಬಿದ ಹಳೆಯ ಫರಸಿ ಖಣಿಗಳ ಅಂಚು ಗೋಡೆಯಂತೆ ನೇರ, ಜಾರಿದರೆ ಹತ್ತಿಬರಲು ಹಿಡಿ ಸಿಗುವುದಿಲ್ಲ. ಅಲ್ಲಿ ಗಾಳವೇ ಬೇಡ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಅಫಜಲಪುರದ ಕಡೆ ಭೀಮಾ ಬಿಸಿಲಿದ್ದರೂ ಏರುತ್ತದೆ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಮೊಣಕಾಲು ನೀರಿಗೂ ಇಳಿಯಬೇಡಿ.

ಲೈಸೆನ್ಸ್ ಇಲ್ಲಿ ರಾಜ್ಯದ್ದು, ದಿನಕ್ಕೆ ಎಷ್ಟು ಮೀನು ಎಂಬ ಮಿತಿಯೂ ರಾಜ್ಯದ್ದೇ. ಪ್ರತಿ ವರ್ಷ ನೋಡಿಕೊಳ್ಳಿ. ಊರಿನಲ್ಲಿ ಜಲಾಶಯ, ಕೆರೆಗಳ ಮೀನಿನ ಹಕ್ಕನ್ನು ಗುತ್ತಿಗೆ ಕೊಟ್ಟಿರುತ್ತಾರೆ. ಗುತ್ತಿಗೆ ಹಿಡಿದ ಮೀನುಗಾರರನ್ನು ಕೇಳದೆ ಬೆಂಡು ಹಾಕುವುದು ಅವರ ಹೊಲದ ತೊಗರಿ ಕಿತ್ತಂತೆ. ಜಿಲೇಬಿ 1952ರಲ್ಲಿ ಭಾರತಕ್ಕೆ ಬಂದ ಹೊರಗಿನ ಮೀನು, ನಾಟಿ ಮೀನಿನ ಜಾಗ ತಿನ್ನುವಂಥದು. ಜೀವಂತ ಹಿಡಿದದ್ದನ್ನು ಇನ್ನೊಂದು ಕೆರೆಗೆ ಒಯ್ದು ಬಿಡಬೇಡಿ.

ನಾಲ್ಕು ತುಂಡಿನ ಕೋಲು ಸೂಟ್‌ಕೇಸಿನಲ್ಲಿ ಹಿಡಿಸುತ್ತದೆ. ಗಾಳಗಳು ಚೆಕ್-ಇನ್ ಸಾಮಾನಿನಲ್ಲಿ, ಡಬ್ಬಿಯೊಳಗೆ. ಹೊರಡುವ ಮೊದಲೂ ಮರಳುವ ಮೊದಲೂ ಬೆಂಡು, ಬಲೆ, ಬೂಟು ತೊಳೆದು ಪೂರ್ತಿ ಒಣಗಿಸಿ. ಉಳಿದ ಕಣಕ, ಎರೆಹುಳ ಅಲ್ಲೇ ಬಿಟ್ಟು ಬನ್ನಿ.