ಹಳೆಯ ಸೋಫಾವನ್ನು ಹೊರಗೆ ಹಾಕುವ ಮೊದಲು ಮರವನ್ನು ನೋಡಿ

ಮಾನ್ಯ ಸಂಪಾದಕರೇ,

ಹಬ್ಬದ ಹೊತ್ತಿಗೆ ಹಜಾರವನ್ನು ಸಜ್ಜುಗೊಳಿಸುವ ಬಗ್ಗೆ ಈಚೆಗೆ ತಮ್ಮ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಗೋಡೆಯ ಬಣ್ಣ, ಪರದೆ, ದೀಪಗಳ ಕುರಿತು ಅದರಲ್ಲಿದ್ದ ಸಲಹೆಗಳು ಉಪಯುಕ್ತವಾಗಿದ್ದವು. ಆದರೆ ಅಂದಗೆಟ್ಟ ಹಳೆಯ ಸೋಫಾ ಇದ್ದರೆ ಮೊದಲು ಅದನ್ನು ಮನೆಯಿಂದ ಸಾಗಹಾಕಿ, ಕಂತಿನಲ್ಲಾದರೂ ಹೊಸದನ್ನು ಕೊಳ್ಳಬೇಕು ಎಂಬ ಸಲಹೆಯನ್ನು ಒಪ್ಪಲು ನನ್ನಿಂದ ಸಾಧ್ಯವಾಗಲಿಲ್ಲ. ಸಾವಿರಾರು ಮಧ್ಯಮ ವರ್ಗದ ಮನೆಗಳಿಗೆ ಅನವಶ್ಯಕ ಖರ್ಚನ್ನು ಹೊರಿಸುವ ಮಾತು ಅದು. ಆದ್ದರಿಂದ ಈ ಪತ್ರ.

ಹೊಸದಾಗಿ ಸಂಸಾರ ಹೂಡಿದವರ ಬಾಡಿಗೆ ಮನೆಗೆ ಮೊದಲ ಸೋಫಾ ಅಂಗಡಿಯಿಂದ ಬರುವುದು ಕಡಿಮೆ. ಅತ್ತೆಯವರೋ, ಅಣ್ಣನೋ, ದೊಡ್ಡಪ್ಪನೋ ತಮ್ಮ ಮನೆಗೆ ಹೊಸದನ್ನು ತಂದಾಗ, ಹಳೆಯದನ್ನು ಬಿಸಾಡಲು ಮನಸ್ಸು ಬಾರದೆ ನಮ್ಮ ಮನೆಗೆ ಕಳುಹಿಸುತ್ತಾರೆ. ನಮಗೂ ಹಾಗೆಯೇ ದೊಡ್ಡಪ್ಪನವರ ಮನೆಯಿಂದ ಒಂದು ಬಂತು. ಕಡುಗೆಂಪು ಮಕಮಲ್ಲಿನ ಮೇಲೆ ದೊಡ್ಡ ದೊಡ್ಡ ಹಳದಿ ಹೂಗಳು, ಬೆನ್ನಿನಲ್ಲಿ ಅಲ್ಲಲ್ಲಿ ಕಿತ್ತುಹೋದ ಗುಂಡಿಗಳು, ಕೈಯೊರಗುಗಳ ಮೇಲೆ ವರ್ಷಗಟ್ಟಲೆ ತಲೆಯ ಎಣ್ಣೆ ಕುಡಿದು ಕಪ್ಪಾದ ಕಲೆ, ಕುಳಿತರೆ ಮಂಡಿ ಎದೆಯ ಮಟ್ಟಕ್ಕೆ ಬರುವಷ್ಟು ಕುಸಿದ ಆಸನ. ನೋಡಿದವರೆಲ್ಲ ಇದನ್ನು ಗುಜರಿಗೆ ಹಾಕಿ ಎಂದೇ ಹೇಳಿದರು. ಇಂದು ಅದೇ ಸೋಫಾ ನಮ್ಮ ಹಜಾರದಲ್ಲಿದೆ. ಬಂದವರು ಅದನ್ನು ಎಲ್ಲಿ ಮಾಡಿಸಿದಿರಿ ಎಂದು ಕೇಳುತ್ತಾರೆ. ಅದಕ್ಕೆ ನಾವು ಮಾಡಿದ ವೆಚ್ಚ ಒಟ್ಟು ಹನ್ನೆರಡು ಸಾವಿರ ರೂಪಾಯಿಯ ಆಸುಪಾಸು. ಅಷ್ಟೇ ಗಟ್ಟಿಯಾದ ತೇಗದ ಸೋಫಾಕ್ಕೆ ನಮ್ಮ ಊರಿನ ಅಂಗಡಿಗಳಲ್ಲಿ ಅದರ ಮೂರ್ನಾಲ್ಕು ಪಟ್ಟು ಬೆಲೆ ಹೇಳಿದ್ದರು.

ಇಂಥ ಸೋಫಾ ಮನೆಗೆ ಬಂದಾಗ ಅದರ ಮೇಲಿನ ಬಟ್ಟೆಯನ್ನು ನೋಡಿ ಯಾವ ತೀರ್ಮಾನಕ್ಕೂ ಬರಬಾರದು. ಇಬ್ಬರು ಸೇರಿ ಅದನ್ನು ಬೋರಲು ಹಾಕಿ, ತಳಕ್ಕೆ ಬಡಿದಿರುವ ತೆಳುವಾದ ಕಪ್ಪು ಬಟ್ಟೆಯ ಒಂದು ಮೂಲೆಯನ್ನು ಬಿಚ್ಚಿ, ಟಾರ್ಚ್ ಹಿಡಿದು ಒಳಗೆ ನೋಡಬೇಕು. ಸೋಫಾದ ನಿಜವಾದ ಬೆಲೆ ಅಲ್ಲಿದೆ. ನಮ್ಮದನ್ನು ಬಿಚ್ಚಿದಾಗ ಧೂಳು, ತೆಂಗಿನ ನಾರು, ಎರಡು ಹೇರ್‌ಪಿನ್ನು ಮತ್ತು ಒಂದು ಹಳೆಯ ಎಂಟಾಣೆಯ ಜೊತೆಗೆ, ತೇಗದ ಅಡ್ಡಪಟ್ಟಿಗಳ ಮೇಲೆ ಬಡಗಿ ಪೆನ್ಸಿಲಿನಲ್ಲಿ ಬರೆದಿದ್ದ ಅಂಕಿಗಳು ಕಂಡವು: ಯಾವ ಕಾಲಿಗೆ ಯಾವ ಪಟ್ಟಿ ಕೂರಬೇಕೆಂದು ಒಂದೊಂದು ಕೂಡಿಗೂ ಗುರುತು ಹಾಕಿದ್ದ. ಕೂಡುಗಳಿಗೆ ಮೊಳೆ ಹೊಡೆದಿರಲಿಲ್ಲ. ಒಂದರೊಳಗೊಂದು ಕೂರುವಂತೆ ಕೊರೆದು, ಬಿದಿರಿನ ಗೂಟ ಬಡಿದು ಬಿಗಿ ಮಾಡಿದ್ದ. ಇಷ್ಟು ಶ್ರದ್ಧೆಯಿಂದ ಮಾಡಿದ ಚೌಕಟ್ಟು ಇನ್ನೊಂದು ತಲೆಮಾರನ್ನು ನಿಶ್ಚಿಂತೆಯಿಂದ ಹೊರುತ್ತದೆ. ಮಲೆನಾಡಿನ ಹಳೆಯ ಮನೆಗಳಿಂದ ಬರುವ ಸೋಫಾಗಳಲ್ಲಿ ತೇಗ, ಬೀಟೆ, ಹಲಸು, ಹೊನ್ನೆ ಸಿಗುವುದು ಅಪರೂಪವೇನಲ್ಲ. ಅಂಥ ಮರವನ್ನು ಇಂದು ಕೊಳ್ಳಲು ಹೋದರೆ ಮರದ ಬೆಲೆಯೇ ಹೊಸ ಸೋಫಾದ ಬೆಲೆಯನ್ನು ಮೀರಬಹುದು.

ಬಳಿಕ ಸೋಫಾವನ್ನು ನೆಟ್ಟಗೆ ನಿಲ್ಲಿಸಿ, ಎರಡೂ ಕೈಯೊರಗುಗಳನ್ನು ಹಿಡಿದು ಅಲುಗಾಡಿಸಿ ನೋಡಬೇಕು. ಸ್ವಲ್ಪ ಅಲುಗಿದರೆ ಹೆದರಬೇಕಿಲ್ಲ. ಸಡಿಲವಾದ ಕೂಡನ್ನು ಬಿಚ್ಚಿ, ಹಳೆಯ ಅಂಟನ್ನು ಕೆರೆದು, ಹೊಸ ಅಂಟು ಹಚ್ಚಿ, ಹಗ್ಗದಿಂದ ಬಿಗಿಯಾಗಿ ಕಟ್ಟಿ ಒಂದು ದಿನ ಬಿಟ್ಟರೆ ಸರಿಹೋಗುತ್ತದೆ. ಆದರೆ ಸೂಜಿಮೊನೆಯಷ್ಟು ಸಣ್ಣ ತೂತುಗಳಿದ್ದು, ಕೆಳಗೆ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಅದು ಕುಟ್ಟೆ ಹುಳುವಿನ ಕೆಲಸ. ಮರ ಒಳಗಿನಿಂದ ಟೊಳ್ಳಾಗಿರುವ ಸಾಧ್ಯತೆ ಇದೆ. ಹೊಲಿಗೆಯ ಸಂದುಗಳಲ್ಲಿ ತಿಗಣೆಯ ಕಪ್ಪು ಚುಕ್ಕೆಗಳು ಕಂಡರೆ ಅದನ್ನು ಮನೆಯೊಳಗೆ ತರಲೇಬಾರದು. ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯ ಸೋಫಾ ನೀರು ಕುಡಿದು ಊದಿಕೊಂಡಿದ್ದರೆ ಅದಕ್ಕೆ ಒಂದು ರೂಪಾಯಿ ಹಾಕುವುದೂ ದಂಡ. ಹಳೆಯದೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಉಳಿಸಿಕೊಳ್ಳಿ ಎಂಬುದು ನನ್ನ ವಾದವಲ್ಲ. ಮರ ಗಟ್ಟಿ ಇದ್ದರೆ ಉಳಿಸಿ, ಇಲ್ಲದಿದ್ದರೆ ಕೊಟ್ಟವರಿಗೆ ನಯವಾಗಿ ಬೇಡವೆನ್ನಿ.

ಚೌಕಟ್ಟು ಒಳ್ಳೆಯದೆಂದು ಖಾತ್ರಿಯಾದ ಮೇಲೂ ಬಹಳ ಮಂದಿ ನೇರವಾಗಿ ಬಟ್ಟೆಯ ಅಂಗಡಿಗೆ ಹೋಗುತ್ತಾರೆ. ನಮ್ಮ ಸೋಫಾವನ್ನು ಸರಿಮಾಡಿದ ಕುಶನ್ ಕೆಲಸದವರು, ನಾನು ಬಣ್ಣದ ಮಾತೆತ್ತಿದ ಕೂಡಲೇ, "ಬಟ್ಟೆ ಯಾವತ್ತು ಬೇಕಾದ್ರೂ ಬದಲಾಯಿಸ್ಬೋದು ಅಕ್ಕಾ, ಕೂರೋ ಜಾಗ ಮೊದ್ಲು ಗಟ್ಟಿ ಮಾಡಿಸ್ಕೊಳ್ಳಿ" ಎಂದರು. ಬಜೆಟ್ಟಿನ ವಿಚಾರದಲ್ಲಿ ಇದಕ್ಕಿಂತ ಒಳ್ಳೆಯ ಸಲಹೆಯನ್ನು ನಾನು ಕೇಳಿಲ್ಲ. ಆಸನ ಕುಸಿಯಲು ಸಾಮಾನ್ಯವಾಗಿ ಸ್ಪಂಜಿಗಿಂತ ಅದರ ಕೆಳಗೆ ಚೌಕಟ್ಟಿಗೆ ಬಿಗಿದಿರುವ ಬಟ್ಟೆಯ ಪಟ್ಟಿಗಳು ಕಾರಣ. ಹಳೆಯ ಪಟ್ಟಿಗಳು ಜೋತುಬಿದ್ದಿದ್ದರೆ ಅವನ್ನು ಕಿತ್ತು, ಎರಡಿಂಚು ಅಗಲದ ಎಲಾಸ್ಟಿಕ್ ಪಟ್ಟಿಗಳನ್ನು ಚೆನ್ನಾಗಿ ಎಳೆದು, ಚಾಪೆ ಹೆಣೆದಂತೆ ಉದ್ದಕ್ಕೂ ಅಡ್ಡಕ್ಕೂ ಒಂದರ ಮೇಲೊಂದು ಕೆಳಗೊಂದು ಹಾಯಿಸಿ ಬಡಿಯಬೇಕು. ಸ್ಪ್ರಿಂಗ್ ಇರುವ ಸೋಫಾವಾದರೆ, ತುಕ್ಕು ಹಿಡಿಯದ ಸ್ಪ್ರಿಂಗ್‌ಗಳನ್ನು ಎಸೆಯುವ ಅಗತ್ಯವಿಲ್ಲ. ಅವನ್ನು ಕಟ್ಟಿದ್ದ ಹುರಿ ಹರಿದಿರುತ್ತದೆ, ಹೊಸ ಹುರಿಯಿಂದ ಮತ್ತೆ ಕಟ್ಟಿ ಮೇಲೆ ಗೋಣಿತಟ್ಟು ಹೊದಿಸಿದರೆ ಮೊದಲಿನಂತೆಯೇ ಕೆಲಸ ಮಾಡುತ್ತವೆ.

ಅನಂತರ ಸ್ಪಂಜು. ಅಂಗಡಿಯವರು 23, 28, 32, 40 ಡೆನ್ಸಿಟಿ ಎಂದು ಹೇಳುವುದು ಒಂದು ಘನ ಮೀಟರ್ ಸ್ಪಂಜಿನ ತೂಕ ಎಷ್ಟು ಕಿಲೋ ಎಂಬ ಲೆಕ್ಕ. ಅಂಕಿ ಕಡಿಮೆಯಾದಷ್ಟೂ ಸ್ಪಂಜು ಅಗ್ಗ, ಅಷ್ಟೇ ಬೇಗ ಕುಸಿಯುತ್ತದೆ. ಕೂರುವ ಭಾಗಕ್ಕೆ 32ಕ್ಕಿಂತ ಕಡಿಮೆ ಬೇಡ, 40 ಆದರೆ ಇನ್ನೂ ಒಳ್ಳೆಯದು. ಬೆನ್ನಿನ ಭಾಗಕ್ಕೆ ಹೆಚ್ಚು ಭಾರ ಬೀಳದ ಕಾರಣ 23 ಅಥವಾ 28 ಸಾಕು. ಎರಡಕ್ಕೂ ಒಂದೇ ದರ್ಜೆಯ ಸ್ಪಂಜು ಹಾಕಿಸಿ ದುಡ್ಡು ಕಳೆಯುವವರಿದ್ದಾರೆ. ಎರಡಕ್ಕೂ ಅಗ್ಗದ್ದನ್ನೇ ಹಾಕಿಸಿ ವರ್ಷ ಕಳೆಯುವುದರೊಳಗೆ ಮತ್ತೆ ಅಂಗಡಿಗೆ ಹೋಗುವವರೂ ಇದ್ದಾರೆ. ತುಂಡು ಸ್ಪಂಜುಗಳನ್ನು ಅಂಟಿಸಿ ಒತ್ತಿದ ಗಟ್ಟಿ ಹಲಗೆಯನ್ನು ಕೆಳಗಿಟ್ಟು, ಮೇಲೆ ಒಂದೂವರೆ ಇಂಚು ಮೃದುವಾದ ಸ್ಪಂಜು ಹಾಕಿಸುವುದು ಇನ್ನೊಂದು ಉಪಾಯ. ಬೆನ್ನುನೋವಿರುವ ಹಿರಿಯರಿಗೆ ಇದು ಬಹಳ ಹಿತ, ಏಕೆಂದರೆ ಎದ್ದೇಳುವಾಗ ಆಸನ ಒಳಗೆಳೆದುಕೊಳ್ಳುವುದಿಲ್ಲ.

ಮರಕ್ಕೆ ಮೆರುಗು ಕೊಡುವುದು ಮನೆಯವರೇ ಮಾಡಿಕೊಳ್ಳಬಹುದಾದ ಕೆಲಸ, ನಾವೂ ಮನೆಯಲ್ಲಿಯೇ ಮಾಡಿದೆವು. ಮೊದಲು ಕಾಣದ ಒಂದು ಮೂಲೆಗೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒತ್ತಿ ನೋಡಬೇಕು. ಅಲ್ಲಿ ಮರ ಅಂಟಂಟಾದರೆ ಹಳೆಯ ಮೆರುಗು ಅರಗಿನದು ಎಂದರ್ಥ. ಅಂಥದ್ದನ್ನು ಬುಡಸಮೇತ ಕೆರೆಯುವ ಗೋಜಿಲ್ಲದೆ, ತೊಳೆದು ಒಣಗಿಸಿ, ಹದವಾಗಿ ಉಪ್ಪುಕಾಗದ ತಿಕ್ಕಿ, ಅದರ ಮೇಲೆಯೇ ಹೊಸ ಅರಗಿನ ಪಾಲಿಶ್ ಕೊಡಬಹುದು. ಉಪ್ಪುಕಾಗದವನ್ನು ಒರಟಾದ 120ನೇ ನಂಬರಿನಿಂದ ಆರಂಭಿಸಿ ನಯವಾದ 220ಕ್ಕೆ ಮುಗಿಸಬೇಕು, ಮರದ ಎಳೆ ಹೋದ ದಿಕ್ಕಿನಲ್ಲೇ ತಿಕ್ಕಬೇಕು. ಇಲ್ಲಿ ನಮ್ಮ ಊರಿನವರಿಗಾಗಿ ಒಂದು ಮಾತು: ಆಷಾಢ ಶ್ರಾವಣದ ಜಡಿಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಅರಗಿನ ಪಾಲಿಶ್ ಮೇಲೆ ಬೂದಿ ಬಳಿದಂತೆ ಬಿಳಿಯ ಮಬ್ಬು ಕೂರುತ್ತದೆ. ದೀಪಾವಳಿ ಕಳೆದ ಮೇಲಿನ ಒಣ ಹವೆಯೇ ಇದಕ್ಕೆ ಸರಿಯಾದ ಕಾಲ. ಇನ್ನು ಮರಕ್ಕೆ ಪಾಲಿಶ್ ಬದಲು ಹಳೆಯ ಎನಾಮಲ್ ಬಣ್ಣ ಬಳಿದಿದ್ದರೆ ಬಹಳ ಎಚ್ಚರ ಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸದ ಅಂಶ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣವನ್ನು ಒಣಗಿದಂತೆಯೇ ತಿಕ್ಕಿದರೆ ಸೀಸದ ಧೂಳು ಮಕ್ಕಳ ಉಸಿರಿಗೂ ಬಾಯಿಗೂ ಸೇರುವ ಅಪಾಯವಿದೆ. ನೀರು ಹಚ್ಚುತ್ತ ತಿಕ್ಕಬೇಕು, ಮೂಗಿಗೆ ಮಾಸ್ಕ್ ಧರಿಸಬೇಕು, ಮಕ್ಕಳನ್ನೂ ಬಸುರಿಯರನ್ನೂ ದೂರವಿಡಬೇಕು.

ಬಟ್ಟೆಯ ಸರದಿ ಕೊನೆಗೆ. ಸೋಫಾ ಬಟ್ಟೆ ಸಾಮಾನ್ಯವಾಗಿ 54 ಇಂಚು ಅಗಲದಲ್ಲಿ ಬರುತ್ತದೆ. ಮೈತುಂಬ ಹೊದಿಕೆಯಿರುವ ಮೂವರ ಸೋಫಾಕ್ಕೆ 10ರಿಂದ 12 ಮೀಟರ್ ಬೇಕು, ಮರದ ಕೈಯೊರಗಿದ್ದು ಬರಿಯ ದಿಂಬುಗಳಷ್ಟೇ ಇದ್ದರೆ ಅದಕ್ಕಿಂತ ಕಡಿಮೆ ಸಾಕು. ದೊಡ್ಡ ಹೂವಿನ ಅಥವಾ ಅಗಲವಾದ ಪಟ್ಟೆಯ ಬಟ್ಟೆಯನ್ನು ಆರಿಸಿಕೊಂಡರೆ, ದಿಂಬಿನಿಂದ ದಿಂಬಿಗೆ ವಿನ್ಯಾಸ ಕೂಡಿಸಲು ಒಂದೆರಡು ಮೀಟರ್ ಹೆಚ್ಚಾಗಿ ಹೋಗುತ್ತದೆ; ಕೈಯಲ್ಲಿ ಕಾಸು ಕಡಿಮೆ ಇರುವವರು ಒಂದೇ ಬಣ್ಣದ ಬಟ್ಟೆ ತೆಗೆದುಕೊಳ್ಳುವುದು ಲೇಸು. ಅಗ್ಗದ ರೆಕ್ಸಿನ್ ನಮ್ಮ ಸೆಕೆಯಲ್ಲಿ ಬೆವರಿಗೆ ಅಂಟಿಕೊಳ್ಳುತ್ತದೆ, ಕೆಲವು ವರ್ಷಗಳಲ್ಲಿ ಪೊರೆಯಂತೆ ಸುಲಿದು ಉದುರುತ್ತದೆ. ಮಕಮಲ್ಲು ಮಲೆನಾಡಿನ ತೇವಕ್ಕೆ ಮುಗ್ಗಲು ಹಿಡಿಯುತ್ತದೆ. ದಪ್ಪ ಹತ್ತಿಯ ಕ್ಯಾನ್ವಾಸ್ ಅಥವಾ ಕೈಮಗ್ಗದ ಗಟ್ಟಿ ಬಟ್ಟೆ ಇವೆರಡಕ್ಕಿಂತ ಮೇಲು. ಆದರೆ ಕತ್ತರಿಸುವ ಮೊದಲು ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸಲೇಬೇಕು, ಇಲ್ಲವಾದರೆ ಮೊದಲ ಒಗೆತಕ್ಕೇ ಗವಸು ಕುಗ್ಗಿ ದಿಂಬಿಗೆ ಹಿಡಿಸದಂತಾಗುತ್ತದೆ. ದಿಂಬಿನ ಗವಸುಗಳಿಗೆಲ್ಲ ಹಿಂಬದಿಯಲ್ಲಿ ಜಿಪ್ ಹಾಕಿಸಿ. ಇದಕ್ಕೆ ಹೊಲಿಗೆಯವರು ಕೊಂಚ ಹೆಚ್ಚು ಕೇಳುತ್ತಾರೆ, ಕೊಡಿ. ತೆಗೆದು ಒಗೆಯಲು ಬಂದರೆ ಸೋಫಾದ ಆಯುಷ್ಯವೇ ಹೆಚ್ಚುತ್ತದೆ. ಅದೇ ಬಣ್ಣದ ಒಂದು ಮೀಟರ್ ಬಟ್ಟೆಯನ್ನು ಮಿಗಿಸಿ ಪೆಟ್ಟಿಗೆಯಲ್ಲಿಟ್ಟುಕೊಂಡರೆ ಮುಂದೆ ಹರಿದ ಜಾಗಕ್ಕೆ ಹಾಕಲು ಬರುತ್ತದೆ.

ನಮ್ಮ ಖರ್ಚಿನಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಸ್ಪಂಜಿಗೆ, ಇನ್ನೊಂದು ಭಾಗ ಬಟ್ಟೆಗೆ, ಉಳಿದದ್ದು ಕೂಲಿ, ಪಟ್ಟಿ, ಪಾಲಿಶ್‌ಗೆ ಹೋಯಿತು. ಇದನ್ನೂ ಒಮ್ಮೆಗೇ ಹೊಂದಿಸಲಾಗದವರು ಈ ತಿಂಗಳು ಪಟ್ಟಿ ಮತ್ತು ಸ್ಪಂಜು ಹಾಕಿಸಿ, ಮೇಲೆ ಮನೆಯಲ್ಲಿರುವ ಒಂದು ಜಮಖಾನೆಯನ್ನು ಬಿಗಿಯಾಗಿ ಹೊದಿಸಿ, ಬಟ್ಟೆಯನ್ನು ಮುಂದಿನ ಸಂಬಳಕ್ಕೆ ಬಿಡಬಹುದು. ನವಲಗುಂದದ ಜಮಖಾನೆಯಂಥ ಚೆಂದದ ಹಾಸು ಮನೆಯಲ್ಲಿದ್ದರೆ ಆ ಬೆನ್ನಿನ ಹಳದಿ ಹೂಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ವಿಷಯವನ್ನು ಮನೆಯೊಳಗಿನ ಮಾತೆಂದು ಬಿಡುವಂತಿಲ್ಲ. ಹೊರಗೆ ಹಾಕಿದ ಸೋಫಾ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಯಾವ ಊರಿನ ಖಾಲಿ ನಿವೇಶನಗಳನ್ನು ನೋಡಿದರೂ ತಿಳಿಯುತ್ತದೆ. ದಿನದ ಕಸದ ಗಾಡಿ ಅದನ್ನು ಒಯ್ಯುವುದಿಲ್ಲ. ಮಳೆಯಲ್ಲಿ ನೆನೆದು, ನಾಯಿಗಳು ಕಿತ್ತೆಳೆದು, ಕೊನೆಗೆ ಯಾರೋ ಅದಕ್ಕೆ ಬೆಂಕಿ ಹಚ್ಚುತ್ತಾರೆ. ಸೋಫಾದ ಪಾಲಿಯುರೆಥೇನ್ ಸ್ಪಂಜು ಉರಿದಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲಗಳು ಹೊರಡುತ್ತವೆ. ಅಕ್ಕಪಕ್ಕದ ಮನೆಗಳ ಮಕ್ಕಳು ಅದನ್ನೇ ಉಸಿರಾಡಬೇಕಾಗುತ್ತದೆ. ನಗರಾಡಳಿತಗಳು ವಾರಕ್ಕೊಂದು ದಿನವಾದರೂ ಹಳೆಯ ಪೀಠೋಪಕರಣಗಳನ್ನು ಪ್ರತ್ಯೇಕವಾಗಿ ಸಂಗ್ರಹಿಸಿ, ಗಟ್ಟಿ ಚೌಕಟ್ಟಿನವನ್ನು ಬೇಕಾದವರು ಒಯ್ಯುವಂತೆ ಒಂದು ಜಾಗದಲ್ಲಿಟ್ಟರೆ, ಇಂಥ ಬೆಂಕಿಯೂ ತಪ್ಪುತ್ತದೆ, ಹೊಸ ಸಂಸಾರಗಳಿಗೂ ಅನುಕೂಲವಾಗುತ್ತದೆ.

ಕುಶನ್ ಕೆಲಸದವರ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಸೋಫಾವನ್ನು ಕೈಗೆತ್ತಿಕೊಂಡ ಹಿರಿಯರು ಬಾಯಲ್ಲಿ ಸಣ್ಣ ಮೊಳೆಗಳನ್ನಿಟ್ಟುಕೊಂಡು, ಒಂದೊಂದನ್ನೇ ನಾಲಿಗೆಯಿಂದ ಹೊರತಂದು ಬಡಿಯುತ್ತ, ಬಟ್ಟೆಯ ಎಳೆ ಎಳ್ಳಷ್ಟೂ ಓರೆಯಾಗದಂತೆ ಮೂಲೆಗಳನ್ನು ಮಡಿಸಿದ ರೀತಿ ಕಣ್ಣಿಗೆ ಹಬ್ಬವಾಗಿತ್ತು. ಈ ಕೆಲಸವನ್ನು ಅವರ ಮಕ್ಕಳು ಕಲಿತಿಲ್ಲ. ಕಲಿತರೆ ಹೊಟ್ಟೆ ತುಂಬುತ್ತದೆಂಬ ಭರವಸೆ ಅವರಿಗಿಲ್ಲ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳನ್ನು ಗುರುತಿಸಿ, ತರಬೇತಿ, 15 ಸಾವಿರ ರೂಪಾಯಿವರೆಗಿನ ಉಪಕರಣ ನೆರವು ಮತ್ತು ಶೇ 5ರ ಬಡ್ಡಿಯಲ್ಲಿ ಸಾಲದ ಅವಕಾಶ ಕಲ್ಪಿಸಿದೆ. ಆ ಪಟ್ಟಿಯಲ್ಲಿ ಬಡಗಿ ಇದ್ದಾರೆ, ದರ್ಜಿ ಇದ್ದಾರೆ, ಚಾಪೆ-ಬುಟ್ಟಿ ಹೆಣೆಯುವವರಿದ್ದಾರೆ. ಈ ಮೂವರ ಕೆಲಸವನ್ನೂ ಸ್ವಲ್ಪ ಸ್ವಲ್ಪ ಬಲ್ಲ ಕುಶನ್ ಕೆಲಸದವರ ಹೆಸರಿಲ್ಲ. ಅವರನ್ನೂ ಸೇರಿಸಬೇಕೆಂದು ನಮ್ಮ ಸಂಸದರು ಕೇಳಬೇಕು. ಅಲ್ಲಿಯವರೆಗೆ ಗ್ರಾಹಕರಾದ ನಾವು ಬಟ್ಟೆಯ ಬೆಲೆಯಲ್ಲಿ ಎಷ್ಟು ಬೇಕಾದರೂ ಚೌಕಾಸಿ ಮಾಡೋಣ, ಇವರ ಕೂಲಿಯಲ್ಲಿ ಮಾತ್ರ ಬೇಡ.

ತಮ್ಮಲ್ಲಿ ನನ್ನ ವಿನಂತಿ ಇಷ್ಟೆ. ಹೊಸ ಸೋಫಾಗಳ ಬಣ್ಣದ ಚಿತ್ರಗಳಿಗೆ ಪುರವಣಿಯಲ್ಲಿ ಕೊಡುವ ಪುಟದ ಅರ್ಧದಷ್ಟನ್ನಾದರೂ ತಿಂಗಳಿಗೊಮ್ಮೆ ದುರಸ್ತಿಗೆ ಮೀಸಲಿಡಿ. ಪಟ್ಟಿ ಬಡಿಯುವುದು, ಕುರ್ಚಿಗೆ ಬೆತ್ತ ಹೆಣೆಯುವುದು, ಅರಗಿನ ಪಾಲಿಶ್ ಕೊಡುವುದು ಇವುಗಳನ್ನು ಆಯಾ ಕೆಲಸದವರಿಂದಲೇ ಚಿತ್ರಸಹಿತ ಬರೆಸಿ, ಜಿಲ್ಲಾ ಆವೃತ್ತಿಗಳಲ್ಲಿ ಅವರ ಒಪ್ಪಿಗೆ ಪಡೆದು ಅಂಗಡಿಯ ವಿಳಾಸವನ್ನೂ ಪ್ರಕಟಿಸಿದರೆ ಓದುಗರಿಗೂ ಅವರಿಗೂ ಉಪಕಾರವಾದೀತು.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗಿ, ಶಿವಮೊಗ್ಗ