ಚರ್ಚಿನ ಫ್ಲೆಕ್ಸಿನಲ್ಲಿ ದೇವರಿಗೆ ಜಾಗ ಎಲ್ಲಿ?

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 8ರ ತೆನೆ ಹಬ್ಬ ಅಂದರೆ ಕಾಸರಗೋಡಿನ ಕಡೆಯ ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ದೊಡ್ಡ ಸಂಭ್ರಮ. ಮಕ್ಕಳು ಒಂಬತ್ತು ದಿನ ಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವಾದ ಮಾಡಿದ ತೆನೆ ಮನೆಗೆ ಬರುತ್ತದೆ, ಅದರ ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಒಟ್ಟಿಗೆ ಕೂತು ಹೊಸ ಊಟ ಮಾಡುತ್ತೇವೆ. ಗದ್ದೆ ಉತ್ತವರು, ನಾಟಿ ಮಾಡಿದವರು ಕಷ್ಟಪಟ್ಟಿದ್ದಾರೆ ನಿಜ, ಆದರೂ ಕೃತಜ್ಞತೆ ಮೊದಲು ಹೋಗುವುದು ದೇವರಿಗೆ. ನಮ್ಮ ಹಿರಿಯರು ಬೈಬಲ್ ಜಾಸ್ತಿ ಓದಿದವರಲ್ಲ, ಆದರೆ ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಚರ್ಚಿನ ಜುಬಿಲಿ, ವಾರ್ಷಿಕ ಹಬ್ಬ, ಧ್ಯಾನಕೂಟ ಯಾವುದೇ ಇರಲಿ, ರಸ್ತೆ ಬದಿಯ ಫ್ಲೆಕ್ಸ್ ನೋಡಿ. ನಡುವಿನಲ್ಲಿ ಮುಖ್ಯ ಅತಿಥಿ, ಸುತ್ತ ಸಮಿತಿಯವರು, ಕೆಳಗೆ ದಾನಿಗಳು, ಅವರಲ್ಲೂ ಹೆಚ್ಚು ಕೊಟ್ಟವರ ಫೋಟೋ ದೊಡ್ಡದು. ನಾನು ಮೊನ್ನೆ ನೋಡಿದ ಒಂದರಲ್ಲಿ ಶಿಲುಬೆ ಇದ್ದದ್ದು ಮೂಲೆಯಲ್ಲಿ, ಪ್ರಿಂಟ್ ಮಾಡಿದವರ ಫೋನ್ ನಂಬರಿನ ಪಕ್ಕ. ನೋಡಿ ತುಂಬಾ ಬೇಜಾರಾಯಿತು. ಒಳಗೆ ಹೋದರೆ ಫ್ಯಾನಿನ ರೆಕ್ಕೆಯ ಮೇಲೂ ಹೆಸರು, ಬೆಂಚಿನ ಬೆನ್ನಿಗೂ ಹೆಸರು. ವೇದಿಕೆಯಲ್ಲಿ ‘ಇವರಿಲ್ಲದಿದ್ದರೆ ಈ ಚರ್ಚೇ ಇರುತ್ತಿರಲಿಲ್ಲ’ ಅನ್ನುವ ಭಾಷಣ.

ಇದಕ್ಕಿಂತ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಸಾಕ್ಷಿ ಹೇಳುವ ರೀತಿ, ಅಂದರೆ ದೇವರಿಂದ ಸಿಕ್ಕ ಉಪಕಾರವನ್ನು ಕೂಟದಲ್ಲಿ ಎಲ್ಲರ ಮುಂದೆ ಹೇಳುವ ರೀತಿ. ‘ಆ ಬ್ರದರ್ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿದರು, ಮಗನಿಗೆ ಗಲ್ಫಿನಲ್ಲಿ ಕೆಲಸ ಸಿಕ್ಕಿತು’ ಅನ್ನುತ್ತಾರೆ. ಕೆಲಸ ಸಿಕ್ಕಿದ್ದು ಸಂತೋಷವೇ. ಆದರೆ ಕೇಳುವವರ ಮನಸ್ಸಿನಲ್ಲಿ ಉಳಿಯುವುದು ಪ್ರಾರ್ಥನೆ ಮಾಡಿದ ಆ ಬ್ರದರ್ ಹೆಸರು. ಮುಂದಿನ ತಿಂಗಳು ಹತ್ತು ಮನೆಯವರು ಅವರನ್ನು ಹುಡುಕಿಕೊಂಡು ಹೋಗುತ್ತಾರೆ, ಅದರಲ್ಲಿ ಒಬ್ಬರ ಕಾಯಿಲೆ ವಾಸಿಯಾಗುವುದಿಲ್ಲ. ಆಗ ‘ನಿಮಗೆ ವಿಶ್ವಾಸ ಸಾಲದು’ ಅನ್ನುತ್ತಾರೆ. ಹಾಸಿಗೆ ಹಿಡಿದ ತಾಯಿಯೊಬ್ಬರು ಈ ಮಾತು ಕೇಳಿ ಅತ್ತದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಗುಣವಾದರೆ ಮನುಷ್ಯನ ಪ್ರಾರ್ಥನೆಯ ಬಲ, ಗುಣವಾಗದಿದ್ದರೆ ರೋಗಿಯದೇ ತಪ್ಪು ಅಂತಾದರೆ ಎರಡರಲ್ಲೂ ದೇವರು ಎಲ್ಲಿದ್ದಾನೆ ಹೇಳಿ? ಸಂತ ಪೌಲನೇ ತನ್ನ ಶರೀರದ ಮುಳ್ಳು, ಅಂದರೆ ಬಿಡದ ಬಾಧೆಯೊಂದನ್ನು, ತೆಗೆಯಬೇಕೆಂದು ದೇವರಲ್ಲಿ ಮೂರು ಸಲ ಬೇಡಿಕೊಂಡ. ‘ನನ್ನ ಕೃಪೆಯೇ ನಿನಗೆ ಸಾಕು’ ಅನ್ನುವ ಉತ್ತರ ಬಂತು. ಪೌಲನಿಗೆ ವಿಶ್ವಾಸ ಕಡಿಮೆ ಇತ್ತು ಅಂತ ಯಾರಾದರೂ ಹೇಳುತ್ತಾರಾ?

ಇದೇ ಪೌಲ, ಕೊರಿಂಥ ಪಟ್ಟಣದ ವಿಶ್ವಾಸಿಗಳು ‘ನಾನು ಪೌಲನವನು, ನಾನು (ಇನ್ನೊಬ್ಬ ಬೋಧಕ) ಅಪೊಲ್ಲೋಸನವನು’ ಅಂತ ಜಗಳ ಮಾಡಿದಾಗ, ನಾನು ನೆಟ್ಟೆ, ಅಪೊಲ್ಲೋಸ ನೀರು ಹಾಕಿದ, ಬೆಳೆಸಿದವನು ದೇವರು ಅಂತ ಪತ್ರ ಬರೆದ. ಲುಸ್ತ್ರ ಅನ್ನುವ ಊರಿನಲ್ಲಿ ಹುಟ್ಟು ಕುಂಟನೊಬ್ಬ ಎದ್ದು ನಡೆದಾಗ ಜನ ಪೌಲ ಮತ್ತು ಅವನ ಜೊತೆಗಾರ ಬಾರ್ನಬರನ್ನೇ ದೇವರು ಮಾಡಿ ಹೋರಿ, ಹಾರ ತಂದರು. ಇಬ್ಬರೂ ಬಟ್ಟೆ ಹರಿದುಕೊಂಡು ಗುಂಪಿನೊಳಗೆ ನುಗ್ಗಿ, ಬೇಡ, ನಾವೂ ನಿಮ್ಮಂಥ ಮನುಷ್ಯರೇ ಅಂತ ಕೂಗಿದರು. ಹಾರ ಹಾಕಿಸಿಕೊಳ್ಳುವ ನಮ್ಮ ವೇದಿಕೆಗಳಲ್ಲಿ ಬೈಬಲಿನ ಅಪೊಸ್ತಲರ ಕಾರ್ಯಗಳು ಪುಸ್ತಕದ ಈ 14ನೇ ಅಧ್ಯಾಯವನ್ನು ಒಮ್ಮೆ ಗಟ್ಟಿಯಾಗಿ ಓದಬೇಕು.

ಮಂಜೇಶ್ವರ, ಕುಂಬಳೆ ಕಡೆಯವರು ಮುಡಿಪುವಿನ ಪುಣ್ಯಕ್ಷೇತ್ರಕ್ಕೆ ಹೋಗುತ್ತಾರಲ್ವಾ, ಅಲ್ಲಿನ ಸಂತ ಜೋಸೆಫ್ ವಾಜ್ ಅವರನ್ನೇ ನೆನೆಯಿರಿ. 1681ರಿಂದ ಕೆಲವು ವರ್ಷ ನಮ್ಮ ಈ ಕರಾವಳಿಯ ಕೆನರಾದಲ್ಲಿ ಗುರುಗಳಾಗಿ ದುಡಿದು, ಆಮೇಲೆ ಸಿಲೋನಿಗೆ (ಈಗಿನ ಶ್ರೀಲಂಕಾಕ್ಕೆ) ಹೋದವರು. ಅಲ್ಲಿನ ಕ್ಯಾಂಡಿಯಲ್ಲಿ ಮಳೆಯಿಲ್ಲದೆ ಜನ ಕಂಗಾಲಾದಾಗ ಶಿಲುಬೆ ನೆಟ್ಟು ದೇವರಲ್ಲಿ ಬೇಡಿದರು, ಮಳೆ ಬಂತು ಅಂತ ಅವರ ಚರಿತ್ರೆ ಹೇಳುತ್ತದೆ. ಸಿಡುಬು ಬಂದಾಗ ಜನ ಬಿಟ್ಟುಹೋದ ರೋಗಿಗಳನ್ನು ತಾವೇ ಆರೈಕೆ ಮಾಡಿದರು. 2015ರಲ್ಲಿ ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಅಂಥ ಸಂತರೂ ನಮಗಾಗಿ ಬೇಡುವವರು, ಕೊಡುವವನು ದೇವರು. ಇದು ಚರ್ಚಿನದೇ ಬೋಧನೆ.

ಹಾಗಾದರೆ ಯಾರಿಗೂ ಥ್ಯಾಂಕ್ಸ್ ಹೇಳಬಾರದಾ ಅಂತ ಕೇಳಬಹುದು. ಖಂಡಿತ ಹೇಳಬೇಕು. ಹಬ್ಬದ ಹಿಂದಿನ ರಾತ್ರಿ ನೆಲ ಒರೆಸಿದ ಹೆಂಗಸರಿಗೆ, ಪಾತ್ರೆ ತೊಳೆದವರಿಗೆ ಮೊದಲು ಹೇಳಬೇಕು, ಅವರ ಹೆಸರು ಯಾವ ಫ್ಲೆಕ್ಸಿನಲ್ಲೂ ಬರುವುದಿಲ್ಲ. ದಾನಿಗೆ ಮನೆಗೆ ಹೋಗಿ ಕೈಮುಗಿದು ಹೇಳಿ. ಲೆಕ್ಕಪತ್ರವನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿ, ಯಾರು ಎಷ್ಟು ಕೊಟ್ಟರು ಅಂತ ಅಲ್ಲಿ ಎಲ್ಲರೂ ನೋಡಲಿ.

ಚರ್ಚ್ ಸಮಿತಿಗಳಲ್ಲಿ ನನ್ನದೊಂದು ವಿನಂತಿ. ಈ ವರ್ಷದ ಹಬ್ಬದ ಫ್ಲೆಕ್ಸಿನಲ್ಲಿ ದಿನಾಂಕ, ಪೂಜೆಯ ಸಮಯ, ಒಂದು ಬೈಬಲ್ ವಚನ ಇಷ್ಟೇ ಇರಲಿ. ಫೋಟೋ ಬೇಡ. ಸಾಕ್ಷಿ ಹೇಳುವವರಿಗೂ ಗುರುಗಳು ಮೊದಲೇ ಒಂದು ಮಾತು ಹೇಳಿಡಲಿ: ಪ್ರಾರ್ಥಿಸಿದವರ ಹೆಸರು ಬಿಟ್ಟು, ದೇವರು ಏನು ಮಾಡಿದ ಅಂತ ಹೇಳಿ.

– ಓದುಗ, ಬದಿಯಡ್ಕ